ಲಿಂಗ: ಗಂಡು

ಅದು ಏನೂ ಮಾಡದಿದ್ದರೆ ಚೆನ್ನಾಗಿದೆ ಎಂದರ್ಥ.
ಅಡ್ಡಗೋಲಿನ ಮೇಲೊಂದು ಹಸಿರು ಸಿಂಬಿ,
ಬೈತಖೋಲದ ಹೆಂಗಸರು ಮೀನಬುಟ್ಟಿ ಇಳಿಸಿ
ಪಕ್ಕಕ್ಕಿಟ್ಟ ಸಿಂಬಿಯ ಹಾಗೆ,
ನಡುವೆ ತಲೆ. ಹಗಲಿಡೀ ಅಷ್ಟೇ.
ನೋಡಲು ಬಂದವರಿಗೆ ಬೇಸರ:
"ಪ್ಲಾಸ್ಟಿಕ್ಕಿನದೇನು?"

ನಾನು ಫ್ರಿಜ್ ರಿಪೇರಿಯವ, ಕೋಡಿಬಾಗದಲ್ಲಿ ಅಂಗಡಿ.
ಸದ್ದು ಮಾಡದ್ದನ್ನು ನಂಬುವುದು ನನ್ನ ಕಸುಬು.
ಕ್ಯಾಪ್ಟನ್ ಎಂದು ಹೆಸರಿಟ್ಟಿದ್ದೆ.
ಅರಣ್ಯ ಇಲಾಖೆಗೆ ಕೊಟ್ಟ ಕಾಗದದಲ್ಲಿ
ಲಿಂಗ: ಗಂಡು.
ಮಾರಿದವನು ಹೇಳಿದ್ದು, ನಾನು ಬರೆದದ್ದು.

ಡಿಸೆಂಬರ್ ಕೊನೆಗೆ ಇಲಿ ಬೇಡವೆಂದಿತು.
ಎರಡನೆಯದೂ ಬೇಡ.
ಫ್ರೀಜರಿನಿಂದ ತೆಗೆದ ಮೂರನೆಯದನ್ನು
ಬಾಲ ಹಿಡಿದು ಕುಣಿಸಿದೆ, ಜೀವ ಬಂದಂತೆ.
ಅದು ನನ್ನನ್ನೇ ನೋಡಿತು,
ವಾರಂಟಿ ಮುಗಿದ ಮೇಲೆ ಬಂದ ಗಿರಾಕಿಯನ್ನು
ನಾನು ನೋಡುವ ಹಾಗೆ.

ಆಮೇಲೆ ರಾತ್ರಿ ತಿರುಗಾಟ, ಗಾಜಿಗೆ ಮೂತಿ ಉಜ್ಜುವುದು.
ಹಗಲು ಕೆಳಗಿಳಿದು ತೆಂಗಿನ ನಾರಿನ ಮೇಲೆ
ದೋಣಿಯಿಂದೆಸೆದ ಹಗ್ಗದಂತೆ ಬಿದ್ದಿರುವುದು.
ಒಂದು ಸಂಜೆ ದೀಪದಡಿ
ಹೊಟ್ಟೆ ಮೇಲೆ ಮಾಡಿ ಮಲಗಿತ್ತು.
ಹಸಿರಿನೊಳಗಿಂದ ನೀಲಿ ಎದ್ದು ಬಂತು,
ಕಾಳಿ ಹೊಳೆ ಸೇತುವೆ ದಾಟಿ ಕಡಲು ಸೇರುವಲ್ಲಿ
ಯಾವುದು ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ.

ನನಗೆ ಗೊತ್ತಿದ್ದ ಕ್ರಮದಲ್ಲಿ ನೋಡಿದೆ.
ಥರ್ಮೋಸ್ಟಾಟ್ ಬದಲಿಸಿದೆ. ವೈರು ಬಿಚ್ಚಿದೆ.
ಪಕ್ಕದ ಐಸ್ ಕಾರ್ಖಾನೆಯ ಅದುರು ಗೋಡೆಗೆ ಬರುತ್ತದೆಂದು
ಪೆಟ್ಟಿಗೆಯ ಕಾಲಿಗೆ ರಬ್ಬರ್ ಕೊಟ್ಟೆ.
ನೌಕಾನೆಲೆಯ ಕಡೆ ಸದ್ದು ಕೇಳಿದ ದಿನಗಳನ್ನು
ಡೈರಿಯಲ್ಲಿ ಗುರುತು ಮಾಡಿದೆ. ತಾಳೆಯಾಗಲಿಲ್ಲ.
ಪಶುವೈದ್ಯರು ಫೋನಿನಲ್ಲಿ:
"ಎಮ್ಮೆಯಾಗಿದ್ದರೆ ಹೇಳಬಹುದಿತ್ತು ಮಾರಾಯ."

ಮುಕ್ತಕ್ಕ ಆ ಕೋಣೆಗೆ ಕಾಲಿಟ್ಟವಳೇ ಅಲ್ಲ.
ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸು,
ಹಾವೆಂದರೆ ಹೊಸಿಲಿನಾಚೆಯೇ.
ಅವತ್ತು ಕರೆಂಟ್ ಬಿಲ್ಲು ಹಿಡಿದು ಬೈಯಲು ಬಂದವಳು
ನಿಂತಳು. ಕನ್ನಡಕ ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದಳು.

"ಊಟ?"
"ಬಿಟ್ಟಿದೆ."
"ಎಷ್ಟು ದಿನ?"
"ನಲವತ್ತು."
"ಜಾಗ ಹುಡುಕ್ತಿದೆಯೋ. ಒಂದು ಮಗ್ಗುಲಲ್ಲಿ ನಿಲ್ತಿಲ್ಲ ನೋಡು.
ಇಂಥವರನ್ನೇ ಬೆಡ್ ನಂಬರ್ ಹನ್ನೊಂದಕ್ಕೆ ಹಾಕ್ತಿದ್ದೆವು, ಕಿಟಕಿ ಇಲ್ಲದ್ದು.
ಒಂದು ಡಬ್ಬಿ ಇಡು, ಕತ್ತಲಿರೋದು."
"ಅಕ್ಕಾ, ಅದು ಗಂಡು."
"ಯಾರು ಹೇಳಿದ್ದು? ಅದೇ ಹೇಳಿತೇ?"

ಬಿಸ್ಕೀಟಿನ ಡಬ್ಬಿಗೆ ತೂತು ಕೊರೆದು ಮೇಲೆ ಕಟ್ಟಿದೆ.
ಒಂಬತ್ತನೆಯ ರಾತ್ರಿ, ಹದಿನಾಲ್ಕು.
ಬಿಳಿಯಲ್ಲ, ಹಳದಿ; ಮೇಣದಂತೆ, ಕುಗ್ಗಿದ್ದು.
ಗಂಡನ್ನೇ ಕಾಣದ ಹೆಣ್ಣಿನ ಮೊಟ್ಟೆ.
ಟಾರ್ಚ್ ಹಿಡಿದರೆ ಒಳಗೆ ಒಂದು ನರವಿಲ್ಲ.

ಅದಕ್ಕದನ್ನು ಹೇಳುವವರು ಯಾರು.
ಸುತ್ತಿ ಕೂತಿತು. ಮತ್ತೆ ಸಿಂಬಿ,
ಈ ಸಲ ಹೊರೆ ಒಳಗೆ.
ಆಮೇಲೆ ನಡುಗತೊಡಗಿತು, ಚಳಿಗಲ್ಲ,
ನಡುಗಿ ಕಾವು ಹುಟ್ಟಿಸುವುದಕ್ಕೆ.

ಐದನೆಯ ದಿನ ರಾತ್ರಿಯಿಡೀ ಕರೆಂಟಿಲ್ಲ.
ತಂತಿ ಇಳಿಬಿಟ್ಟು ಅಳೆದೆ.
ಕೋಣೆಯಲ್ಲಿ ಇಪ್ಪತ್ತೈದು. ಸುರುಳಿಯಲ್ಲಿ ಇಪ್ಪತ್ತೊಂಬತ್ತು.
ಗ್ಯಾಸಿಲ್ಲ, ಕಂಪ್ರೆಸರಿಲ್ಲ.
ಐವತ್ತನಾಲ್ಕು ದಿನದ ಉಪವಾಸದ ಮೈ
ಏನೂ ಇಲ್ಲದ್ದಕ್ಕೆ ನಾಲ್ಕು ಡಿಗ್ರಿ ಕೊಡುತ್ತಿತ್ತು.
ಮೀಟರ್ ಕೆಟ್ಟಿರಬೇಕೆಂದು ಇನ್ನೊಂದರಲ್ಲಿ ನೋಡಿದೆ.

"ತೆಗೆದುಬಿಡಲೇ?"
ಅಕ್ಕ ಮೇಣದಬತ್ತಿ ಹಿಡಿದು ಹೊಸಿಲಿನ ಒಳಗೆ ಬಂದಿದ್ದಳು.
"ತೋರಿಸದೆ ಬಟ್ಟೆಯಲ್ಲಿ ಸುತ್ತಿ ಒಯ್ಯಿ ಅನ್ನೋರು ಡಾಕ್ಟರು.
ಮೊದಮೊದಲು ಒಯ್ದೆ.
ಆಮೇಲಾಮೇಲೆ, ಅವರು ರೌಂಡ್ಸ್ ಮುಗಿಸಿ ಹೋದ ಮೇಲೆ,
ಒಂದಿಷ್ಟು ಹೊತ್ತು ತಾಯಿ ಕೈಗೆ ಕೊಡ್ತಿದ್ದೆ."
"ಎಷ್ಟು ಹೊತ್ತು?"
"ಅವಳಾಗಿ ತಿರುಗಿ ಕೊಡೋ ತನಕ."
ಮೇಣ ಅವಳ ಬೆರಳಿನ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

ಹತ್ತೊಂಬತ್ತನೆಯ ಬೆಳಿಗ್ಗೆ ಅದಾಗಿ ಇಳಿದು
ನೀರಿನ ಬಟ್ಟಲಿಗೆ ಬಾಯಿಟ್ಟಿತು, ತುಂಬಾ ಹೊತ್ತು.
ಡಬ್ಬಿಯನ್ನು ಅಕ್ಕ ಬಾವಿಕಟ್ಟೆಗೆ ಒಯ್ದಳು,
ನನ್ನನ್ನು ಜೊತೆಗೆ ಬರಗೊಡಲಿಲ್ಲ.

ಹೆಸರು ಬದಲಿಸಬೇಡ ಎಂದಿದ್ದಾಳೆ:
"ಹೆಂಗಸರು ಹಡಗು ನಡೆಸೋದಿಲ್ಲವೇ ಈಗ?"
ಇಲಾಖೆಗೆ ಅರ್ಜಿ ಬರೆಯುತ್ತಿದ್ದೇನೆ,
ಗಂಡು ಎಂಬಲ್ಲಿ ಹೆಣ್ಣು ಎಂದು ತಿದ್ದಲು.
ತಿದ್ದುಪಡಿಗೆ ಕಾರಣ ಎಂಬಲ್ಲಿ
ಅರ್ಧ ಗೆರೆ ಜಾಗ ಬಿಟ್ಟಿದ್ದಾರೆ.